ಪಲ್ಲವಿ ಮುಗಿದ ಮೇಲೆ ಜಾಝ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಕರ್ನಾಟಕ ಸಂಗೀತ ಕೇಳಿ ಬೆಳೆದವಳು ನಾನು. ಈಗ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಸೋ ವಾಟ್’ ಕೇಳುತ್ತಿದ್ದೇನೆ. ಶುರುವಿನ ಧಾಟಿ ಹಿಡಿಸಿತು, ಆದರೆ ಸೋಲೋ (ಒಬ್ಬೊಬ್ಬರೇ ಮನೋಧರ್ಮದಿಂದ ನುಡಿಸುವ ಭಾಗ) ಶುರುವಾದ ಮೇಲೆ ಎಲ್ಲಿದ್ದೇನೆ ಅಂತಲೇ ತಿಳಿಯುವುದಿಲ್ಲ. ಹೇಗೆ ಕೇಳಬೇಕು?
– ಓದುಗರು, ಶಿವಮೊಗ್ಗ

ಉತ್ತರ: ನಿಮಗೆ ತಾಳ ಹಾಕಲು ಬರುತ್ತದಲ್ವಾ? ಹಾಗಾದರೆ ಅರ್ಧ ಕೆಲಸ ಮುಗಿದಿದೆ.

ಇದು 1959ರಲ್ಲಿ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆದದ್ದು. ಮೊದಲ ಅರ್ಧ ನಿಮಿಷ ಪಿಯಾನೊ ಮತ್ತು ಬಾಸ್ (ದಪ್ಪ ದನಿಯ ದೊಡ್ಡ ತಂತಿವಾದ್ಯ) ತಾಳವಿಲ್ಲದೆ ನುಡಿಯುತ್ತವೆ, ನಮ್ಮ ಪುಟ್ಟ ಆಲಾಪನೆಯ ಹಾಗೆ. ಆಮೇಲೆ ಪಾಲ್ ಚೇಂಬರ್ಸ್ ಬಾಸಿನಲ್ಲಿ ಒಂದು ಮಾತು ಕೇಳುತ್ತಾರೆ, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಡುತ್ತಾರೆ. ಇಲ್ಲಿಂದ ಆದಿತಾಳ ಹಾಕಿ, ಎಂಟು ಎಣಿಕೆಗೆ ಒಂದು ಆವರ್ತ. ಹದಿನಾರು ಆವರ್ತಕ್ಕೆ ಒಂದು ಸುತ್ತು. ಮೊದಲ ಎಂಟು ಒಂದೇ ಶ್ರುತಿಯಲ್ಲಿ, ಮುಂದಿನ ನಾಲ್ಕು ಅರ್ಧ ಸ್ವರ ಮೇಲೆ, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಎರಡರಿಂದ ಕಪ್ಪು ಎರಡಕ್ಕೆ, ಕೊನೆಯ ನಾಲ್ಕು ಮತ್ತೆ ಕೆಳಗೆ. ಸ್ವರಗಳು ಖರಹರಪ್ರಿಯದವೇ, ಆದರೆ ರಾಗದ ಸಂಚಾರ, ಗಮಕ ಹುಡುಕಬೇಡಿ, ನಿರಾಸೆಯಾಗುತ್ತದೆ. ನಮ್ಮಲ್ಲಿ ಷಡ್ಜ ಅಲುಗುವುದೇ ಇಲ್ಲ. ಇಲ್ಲಿ ಅದೇ ಅಲುಗುತ್ತದೆ, ಅದೇ ನಿಮ್ಮ ಮೈಲಿಗಲ್ಲು.

ಸೋಲೋಗಳಲ್ಲೂ ಇದೇ ಸುತ್ತು ತಿರುಗುತ್ತಿರುತ್ತದೆ. ಶುರುವಿನ ಧಾಟಿ ಮರೆಯಾದರೂ ಅದರ ಅಳತೆ ಮಾತ್ರ ಒಂದು ಅಕ್ಷರವೂ ಬದಲಾಗುವುದಿಲ್ಲ. ಒಂದು ಕಡೆ ಜೋಪಾನ: ಸುತ್ತಿನ ಕೊನೆಯ ನಾಲ್ಕು ಆವರ್ತ, ಹೊಸ ಸುತ್ತಿನ ಮೊದಲ ಎಂಟು, ಒಟ್ಟು ಹನ್ನೆರಡು ಒಂದೇ ಶ್ರುತಿಯಲ್ಲಿ ಬರುತ್ತವೆ. ನನಗೆ ತಾಳ ತಪ್ಪುತ್ತಿದ್ದದ್ದು ಅಲ್ಲೇ. ತಪ್ಪಿದರೆ ಸುಮ್ನೆ ಕಾಯಿರಿ, ಶ್ರುತಿ ಏರಿದ ತಕ್ಷಣ ಮತ್ತೆ ಹಿಡಿಯಬಹುದು.

ಈಗ ಮನುಷ್ಯರನ್ನು ಕೇಳಿ. ಡ್ರಮ್ಸ್ ನುಡಿಸುವ ಜಿಮ್ಮಿ ಕಾಬ್ ಅವರ ಸಿಂಬಲ್ ಝಣ್ ಅಂದಾಗ ಮೈಲ್ಸ್ ಟ್ರಂಪೆಟ್ ಶುರು. ಎರಡು ಸುತ್ತು, ಸ್ವರ ಕಡಿಮೆ, ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಬಾಸ್ ನಡೆಯುವುದನ್ನು ಕೇಳಿ, ಎಷ್ಟು ಚೆಂದ! ಮುಂದಿನ ಎರಡು ಸುತ್ತು ಜಾನ್ ಕೋಲ್ಟ್ರೇನ್ ಅವರ ಟೆನರ್ ಸ್ಯಾಕ್ಸೊಫೋನ್. ಅವರು ಒಂದು ತುಣುಕನ್ನು ಹಿಡಿದು ತಿರುಗಿಸಿ ಮುರುಗಿಸಿ ನೋಡಿ, ಇನ್ನೂ ಮುಗಿದಿಲ್ಲ ಅನ್ನುವಂತೆ ಮೇಲಕ್ಕೇರುತ್ತಾರೆ. ಆಮೇಲೆ ಕ್ಯಾನನ್‌ಬಾಲ್ ಆ್ಯಡರ್ಲಿ ಅವರ ಆಲ್ಟೊ ಸ್ಯಾಕ್ಸೊಫೋನ್. ಕದ್ರಿ ಗೋಪಾಲನಾಥ್ ಅವರನ್ನು ಕೇಳಿದ ಕಿವಿಗೆ ಈ ವಾದ್ಯ ಹೊಸದಲ್ಲ. ಕೋಲ್ಟ್ರೇನ್ ಕಾಡಿದರೆ ಇವರು ನಗಿಸುತ್ತಾರೆ.

ಬಿಲ್ ಇವಾನ್ಸ್ ಅವರ ಪಿಯಾನೊ ಬಂದಾಗ ಹಿಂದೆ ಕಿವಿಯಿಡಿ: ಶುರುವಿನ ಆ ಎರಡು ಸ್ವರದ ಉತ್ತರವನ್ನು ಊದುವ ಮೂವರೂ ಮತ್ತೆ ಕೊಡುತ್ತಿರುತ್ತಾರೆ.

ಇದು ಕೈಗೆ ಹತ್ತಿದ ಮೇಲೆ ಅದೇ ಆಲ್ಬಮ್ಮಿನ ಎರಡನೆಯದು, ‘ಫ್ರೆಡ್ಡಿ ಫ್ರೀಲೋಡರ್’, ಹಾಕಿ. ಅಲ್ಲಿ ಆರೇ ಆವರ್ತಕ್ಕೆ ಒಂದು ಸುತ್ತು.