ವ್ಯಾಗನ್ ಕೆಂಪಗಿದ್ದರೆ ಅದೆಲ್ಲ ತುಕ್ಕಲ್ಲ

ಮಾಡೆಲ್ ರೈಲಿನ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ, ವ್ಯಾಗನ್ ನಿಜದ್ದರಂತೆ ಕಾಣಲು ತುಕ್ಕು ಬಣ್ಣ ಹಚ್ಚುವುದರದ್ದೇ ಕಾಟ ಜಾಸ್ತಿ. ಊರು ಬೇರೆ, ಪ್ರಶ್ನೆ ಅದೇ. ಒಬ್ಬೊಬ್ಬರಿಗೂ ಬರೆದು ಸಾಕಾಗಿದೆ, ಹಾಗಾಗಿ ಈ ಸಲ ಇದನ್ನೇ ಮುಗಿಸಿಬಿಡೋಣ. ಬ್ರಷ್ ತೊಳೆಯುವುದು ಹೇಗೆ, ಪ್ರೈಮರ್ ಯಾಕೆ ಬೇಕು ಅನ್ನುವುದನ್ನೆಲ್ಲ ಇಲ್ಲಿ ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲದವರು ಮೊದಲು ಒಂದು ಮುರುಕು ವ್ಯಾಗನ್ ಮೇಲೆ ಕೈ ಪಳಗಿಸಿಕೊಳ್ಳಿ.

ಎಚ್‌ಒ ಸ್ಕೇಲಿನ ಬಾಕ್ಸ್‌ಎನ್ ವ್ಯಾಗನ್‌ಗಳಿಗೆ (ಅದಿರು, ಕಲ್ಲಿದ್ದಲು ತುಂಬುವ, ಮೇಲೆ ತೆರೆದ ಗೂಡ್ಸ್ ಡಬ್ಬಿ) ತುಕ್ಕು ಬಣ್ಣ ಹಚ್ಚಿದೆ. ವಿಡಿಯೊದಲ್ಲಿ ತೋರಿಸಿದಂತೆಯೇ ಮಾಡಿದೆ. ಆದರೂ ಕಿತ್ತಳೆ ಹಣ್ಣುಗಳು ಸಾಲಾಗಿ ಹೊರಟಂತೆ ಕಾಣುತ್ತವೆ. ಎಲ್ಲಿ ತಪ್ಪಾಗಿದೆ? (ವಿದ್ಯಾನಗರ, ಹುಬ್ಬಳ್ಳಿ)

ನೀವು ಕಳಿಸಿದ ಫೋಟೊ ನೋಡಿದೆ. ತಪ್ಪಿರುವುದು ನೋಡುವುದರಲ್ಲಿ, ಕೈ ಚೆನ್ನಾಗಿಯೇ ಇದೆ. ವಿಡಿಯೊ ಮಾಡಿದವರು ಬೇರೆ ಯಾವುದೋ ದೇಶದ ವ್ಯಾಗನ್ ನೋಡಿ ಬಣ್ಣ ಹಚ್ಚುತ್ತಾರೆ. ನಮ್ಮ ಕಡೆಯ ವ್ಯಾಗನ್ ಮೇಲೆ ಮೂರು ಕೆಂಪು ಇರುತ್ತವೆ. ಒಂದು, ಫ್ಯಾಕ್ಟರಿಯಲ್ಲಿ ಹೊಡೆದ ರೆಡ್ ಆಕ್ಸೈಡ್ ಥರದ ಕಂದುಗೆಂಪು ಪೇಂಟ್. ಎರಡು, ಅದಿರಿನ ಧೂಳು. ಮೂರನೆಯದು ತುಕ್ಕು, ಮತ್ತು ಅದೇ ಎಲ್ಲಕ್ಕಿಂತ ಕಡಿಮೆ. ಹೊಸಪೇಟೆ, ಸಂಡೂರು ಕಡೆಯ ಅದಿರು ಗದಗ, ಹುಬ್ಬಳ್ಳಿ ದಾಟಿ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಗೋವಾ ಕಡೆಗೆ ಇಳಿಯುವ ದಾರಿಯಲ್ಲಿ ನಾವು ಕೂತಿದ್ದೇವೆ. ಆ ವ್ಯಾಗನ್ ನೋಡಿ "ಅಬ್ಬಾ, ಎಷ್ಟು ಜಂಗು ಹಿಡಿದಿದೆ" ಅನ್ನುತ್ತೀರಿ. ಬಹಳಷ್ಟು ಸಲ ಅದು ಜಂಗಲ್ಲ, ಧೂಳು. ನೀವು ಮೂರನ್ನೂ ಒಂದೇ ಕಿತ್ತಳೆ ಬಣ್ಣದಲ್ಲಿ ಮುಗಿಸಿದ್ದೀರಿ.

ಮೂರೂ ಕಬ್ಬಿಣದ ಆಕ್ಸೈಡ್‌ಗಳೇ, ಆದರೆ ಕೂರುವ ಜಾಗ ಬೇರೆ. ಧೂಳು ಮೇಲಿಂದ ಬೀಳುತ್ತದೆ. ಹಾಗಾಗಿ ಅಡ್ಡಪಟ್ಟಿಗಳ ಮೇಲ್ಭಾಗ, ಬೋಗಿಯ (ಅಂದರೆ ಕೆಳಗೆ ಗಾಲಿಗಳನ್ನು ಹಿಡಿದಿರುವ ಭಾಗದ) ಫ್ರೇಮು, ಮೂಲೆಗಳು, ಹೀಗೆ ಏನಾದರೂ ನಿಲ್ಲುವ ಕಡೆ ಕೂರುತ್ತದೆ. ಒಂದೇ ಬಣ್ಣ, ಹೊಳಪಿಲ್ಲ. ತುಕ್ಕು ನೀರಿನ ಹಿಂದೆ ಹೋಗುತ್ತದೆ. ಪೇಂಟ್ ಕಿತ್ತ ಜಾಗದಲ್ಲಿ ಹುಟ್ಟಿ ಕೆಳಗೆ ಇಳಿಯುತ್ತದೆ. ಬಾಕ್ಸ್‌ಎನ್‌ನಲ್ಲಿ ಅದು ಹುಟ್ಟುವುದು ಪಕ್ಕದ ಗೋಡೆ ತಳಕ್ಕೆ ಸೇರುವ ಗೆರೆಯಲ್ಲಿ, ಬಾಗಿಲಿನ ಕೀಲುಗಳ ಸುತ್ತ, ವೆಲ್ಡಿಂಗ್ ಜೋಡಣೆಯಲ್ಲಿ ಮತ್ತು ಲೋಡ್ ಮಾಡುವಾಗ ಯಂತ್ರದ ಬಕೆಟ್ ತಾಗಿ ನೆಗ್ಗಿದ ಮೇಲಂಚಿನಲ್ಲಿ. ಗೋಡೆಯ ನಟ್ಟನಡುವೆ ಸುಮ್ನೆ ಒಂದು ಕಿತ್ತಳೆ ಮಚ್ಚೆ ಏಳುವುದಿಲ್ಲ. ನಿಮ್ಮ ಒಂದು ವ್ಯಾಗನ್ ಮೇಲೆ ಅಂಥವು ಆರೇಳು ಇವೆ.

ಇನ್ನೊಂದು ಮಾತು. ಹಳೆಯ ತುಕ್ಕು ಕಿತ್ತಳೆಯಲ್ಲ. ಅದು ಗಾಢ ಕಂದು, ಕೆಲವು ಕಡೆ ನೇರಳೆಗೆ ತಿರುಗಿದ ಕಂದು. ಕಿತ್ತಳೆ ಬರುವುದು ಹೊಸ ತುಕ್ಕಿಗೆ, ಅದೂ ಚೂರೇ ಚೂರು. ಅಂಗಡಿಯಲ್ಲಿ 'ರಸ್ಟ್' ಅಂತ ಬರೆದ ಬಾಟಲಿಯ ಬಣ್ಣವನ್ನೇ ಇಡೀ ವ್ಯಾಗನ್‌ಗೆ ಹಚ್ಚಿದರೆ ನಿಮಗಾದದ್ದೇ ಆಗುತ್ತದೆ.

ಈಗ ಕೆಲಸಕ್ಕೆ ಬರೋಣ. ಹಚ್ಚಿದ್ದನ್ನು ಮುಚ್ಚಿ ಹೊಸದಾಗಿ ಶುರು ಮಾಡಿ. ಕಂದುಗೆಂಪು ಆಕ್ರಿಲಿಕ್‌ಗೆ ಸ್ವಲ್ಪ ಬೂದು ಬೆರೆಸಿ, ಯಾಕಂದರೆ ಬಿಸಿಲಿಗೆ ಪೇಂಟ್ ಮಾಸಿರುತ್ತದೆ. ಒಂದೊಂದು ಪ್ಯಾನೆಲ್‌ಗೆ ಬೂದಿನ ಪ್ರಮಾಣ ಚೂರು ಬದಲಿಸಿ. ರಿಪೇರಿಯಾದ ಪ್ಯಾನೆಲ್ ಪಕ್ಕದ್ದಕ್ಕಿಂತ ಗಾಢವಾಗಿರಲಿ. ಒಣಗಿದ ಮೇಲೆ ಮ್ಯಾಟ್ ವಾರ್ನಿಷ್ ಹೊಡೆದು ಒಂದು ದಿನ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಮಳೆಯಲ್ಲಿ ವಾರ್ನಿಷ್ ಸ್ಪ್ರೇ ಮಾಡಲೇಬೇಡಿ. ತೇವಕ್ಕೆ ಬಿಳಿ ಮಂಜು ಹಿಡಿದಂತಾಗುತ್ತದೆ. ಮಾಡಲೇಬೇಕೆಂದರೆ ಬಿಸಿಲು ಬಿದ್ದ ದಿನ ಮಧ್ಯಾಹ್ನ ಮಾಡಿ.

ತುಕ್ಕಿಗೆ ಬ್ರಷ್ ಬೇಡ, ಸ್ಪಂಜು ಸಾಕು. ಪ್ಯಾಕಿಂಗ್‌ನ ಸ್ಪಂಜನ್ನು ಕತ್ತರಿಸದೆ ಹರಿದುಕೊಳ್ಳಿ, ಅಂಚು ಒರಟಾಗಿರಬೇಕು. ಗಾಢ ಕಂದು ಆಕ್ರಿಲಿಕ್‌ನಲ್ಲಿ ಅದ್ದಿ, ಹಳೆ ಪೇಪರ್ ಮೇಲೆ ಒತ್ತಿ ಒತ್ತಿ ಬಣ್ಣವೇ ಇಲ್ಲವೇನೋ ಅನ್ನುವಷ್ಟು ತೆಗೆಯಿರಿ. ಆಮೇಲೆ ನಾನು ಮೇಲೆ ಹೇಳಿದ ಜಾಗಗಳಲ್ಲಿ ಮಾತ್ರ ತಾಗಿಸಿ. ಎಚ್‌ಒ ಅಂದರೆ 1:87. ಮಾಡೆಲ್ ಮೇಲೆ 1 ಮಿಲಿಮೀಟರ್ ಮಚ್ಚೆ ಅಂದರೆ ನಿಜವಾದ ವ್ಯಾಗನ್ ಮೇಲೆ 8.7 ಸೆಂಟಿಮೀಟರ್, ಹೆಚ್ಚುಕಡಿಮೆ ಅಂಗೈ ಅಗಲ. ನಿಮ್ಮ 5 ಮಿಲಿಮೀಟರ್ ಮಚ್ಚೆಗಳು ನಿಜದಲ್ಲಿ ಎಷ್ಟಾದವು, ನೀವೇ ಲೆಕ್ಕ ಹಾಕಿ. ಕಂದು ಒಣಗಿದ ಮೇಲೆ, ಮಚ್ಚೆಯ ಕೆಳ ಅಂಚಿಗೆ ಮಾತ್ರ ಸೂಜಿಮೊನೆಯಷ್ಟು ಕಿತ್ತಳೆ. ಎಲ್ಲ ಮಚ್ಚೆಗೂ ಬೇಡ.

ಇಳಿದ ಗೆರೆಗಳಿಗೆ ಚಿತ್ರಕಲೆಯ ಆಯಿಲ್ ಪೇಂಟ್ ಬೇಕು, ಬರ್ನ್ಟ್ ಸಿಯೆನ್ನಾ ಮತ್ತು ಬರ್ನ್ಟ್ ಅಂಬರ್ ಎರಡೇ ಟ್ಯೂಬ್. ಒಂದು ರಟ್ಟಿನ ಮೇಲೆ ಸ್ವಲ್ಪ ಹಿಂಡಿ ಒಂದು ತಾಸು ಬಿಡಿ. ರಟ್ಟು ಎಣ್ಣೆ ಹೀರಿಕೊಂಡರೆ ಹೊಳಪು ಹೋಗುತ್ತದೆ. ತೀರಾ ಸಣ್ಣ ಬ್ರಷ್‌ನಿಂದ ಮಚ್ಚೆಯ ಕೆಳಗೆ ಒಂದು ಚುಕ್ಕಿ ಇಡಿ. ಹತ್ತು ಹದಿನೈದು ನಿಮಿಷ ಬಿಟ್ಟು, ಚಪ್ಪಟೆ ಬ್ರಷ್ಷನ್ನು ಟರ್ಪಂಟೈನ್‌ನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಮೇಲಿಂದ ಕೆಳಕ್ಕೆ ಒಂದೇ ಸಲ ಎಳೆಯಿರಿ. ಚುಕ್ಕಿ ಗೆರೆಯಾಗಿ ಕೆಳಗೆ ಹೋಗುತ್ತಾ ಮಾಯವಾಗಬೇಕು. ದಪ್ಪ ಉಳಿದರೆ ಮತ್ತೊಮ್ಮೆ ಎಳೆಯಿರಿ. ಅಡ್ಡಪಟ್ಟಿ ಬಂದಲ್ಲಿ ನಿಲ್ಲಿಸಿ, ನೀರು ಅಲ್ಲಿ ತಡೆದು ನಿಲ್ಲುತ್ತದೆ. ಪಟ್ಟಿಯನ್ನು ದಾಟಿ ಸ್ಕೇಲ್ ಇಟ್ಟಂತೆ ಎಳೆದ ಗೆರೆ ಕಂಡರೆ ನನಗೆ ಮೈ ಉರಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಹಾರ್ಡ್‌ವೇರ್ ಅಂಗಡಿಯಲ್ಲಿ "ಎರಡೂ ಒಂದೇ ಸರ್" ಅಂತ ಎನ್‌ಸಿ ಥಿನ್ನರ್ ಕೊಡುತ್ತಾರೆ. ಒಂದೇ ಅಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಟರ್ಪಂಟೈನ್ ಆದರೂ ಕಿಟಕಿ ತೆಗೆದಿಟ್ಟೇ ಬಳಸಿ, ಮಕ್ಕಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಬೇಡಿ. ಆಯಿಲ್ ಪೇಂಟ್ ಒಣಗಲು ಎರಡು ಮೂರು ದಿನ, ಮಳೆಗಾಲದಲ್ಲಿ ಇನ್ನೂ ಜಾಸ್ತಿ.

ವ್ಯಾಗನ್ನಿನ ಒಳಗೆ ಮಾತ್ರ ನೀವು ಧಾರಾಳವಾಗಿರಬಹುದು. ಅದಿರು, ಕಲ್ಲಿದ್ದಲು ಉಜ್ಜಿ ಉಜ್ಜಿ ಅಲ್ಲಿ ಪೇಂಟ್ ಉಳಿದಿರುವುದೇ ಇಲ್ಲ. ಇಡೀ ಒಳಭಾಗ ಗಾಢ ಕಂದು, ಅದರ ಮೇಲೆ ಸ್ಪಂಜಿನಿಂದ ಬರ್ನ್ಟ್ ಸಿಯೆನ್ನಾ ಬಣ್ಣದ ಆಕ್ರಿಲಿಕ್, ಮೂಲೆಗಳಲ್ಲಿ ಧೂಳು. ಗೋವಾ ಬಂದರಿನಿಂದ ತೋರಣಗಲ್ಲಿಗೆ ಕಲ್ಲಿದ್ದಲು ತರುವ ರೇಕ್ (ಒಟ್ಟಿಗೆ ಜೋಡಿಸಿದ ವ್ಯಾಗನ್‌ಗಳ ಸಾಲು) ಮಾಡುತ್ತಿದ್ದರೆ ಮೂಲೆಯ ಧೂಳು ಕಪ್ಪಾಗಿರಲಿ. ವಿಚಿತ್ರ ಅಂದರೆ ಎಲ್ಲರೂ ಹೊರಗೆ ಬಳಿದು ಬಳಿದು, ಒಳಗೆ ಫ್ಯಾಕ್ಟರಿ ಬಣ್ಣ ಹಾಗೇ ಬಿಟ್ಟಿರುತ್ತಾರೆ.

ಕೊನೆಗೆ ಧೂಳು. ಸಾಫ್ಟ್ ಪಾಸ್ಟೆಲ್ ಕಡ್ಡಿಯನ್ನು ಬ್ಲೇಡಿನಿಂದ ಕೆರೆದು ಪುಡಿ ಮಾಡಿ. ಆಯಿಲ್ ಪಾಸ್ಟೆಲ್ ತಂದು ಆಮೇಲೆ ನನಗೆ ಬರೆಯಬೇಡಿ. ಮಾಸ್ಕ್ ಹಾಕಿಕೊಂಡು, ಒಣ ಬ್ರಷ್‌ನಿಂದ ಅಡ್ಡಪಟ್ಟಿಗಳಿಗೆ, ಬೋಗಿಗೆ ಕೂರಿಸಿ. ಮೇಲೆ ವಾರ್ನಿಷ್ ಹೊಡೆದರೆ ಅರ್ಧ ಧೂಳು ಮಾಯವಾಗುತ್ತದೆ. ನಾನು ಹೊಡೆಯುವುದಿಲ್ಲ, ವ್ಯಾಗನ್ನನ್ನು ಮುಟ್ಟುವುದೂ ಇಲ್ಲ.

ಹಾಂ, ಇಷ್ಟಕ್ಕೂ ಮೊದಲು ನಿಮ್ಮ ವ್ಯಾಗನ್ ಯಾವುದು ಅಂತ ನೋಡಿಕೊಳ್ಳಿ. ಬಾಕ್ಸ್‌ಎನ್‌ನದೇ ಇನ್ನೊಂದು ಮಾದರಿಯಾದ ಬಾಕ್ಸ್‌ಎನ್‌ಎಚ್‌ಎಲ್ ಆಗಿದ್ದರೆ ಅದರ ಬಾಡಿ ಸ್ಟೇನ್‌ಲೆಸ್ ಸ್ಟೀಲಿನದು. ಅದಕ್ಕೆ ಧೂಳು ಹಾಕಿ, ತುಕ್ಕು ಬೇಡ.

ಉಪ್ಪು, ವಿನೆಗರ್ ಬೆರೆಸಿದ ನೀರಿನಲ್ಲಿ ವ್ಯಾಗನ್ ಮುಳುಗಿಸಿಟ್ಟರೆ ನಿಜವಾದ ತುಕ್ಕೇ ಬರುತ್ತದೆ ಅಂತ ಒಬ್ಬರು ಹೇಳಿದರು. ಹೌದಾ? (ಹಾವೇರಿ)

ಪ್ಲಾಸ್ಟಿಕ್‌ಗೆ ತುಕ್ಕು ಹಿಡಿಯುತ್ತದಾ? ಹಿಡಿಯುವುದು ಆಕ್ಸಲ್‌ಗೆ ಮತ್ತು ಒಳಗಿನ ತೂಕದ ಕಬ್ಬಿಣಕ್ಕೆ. ಆಮೇಲೆ ಗಾಲಿ ತಿರುಗುವುದಿಲ್ಲ. ಹೇಳಿದವರಿಗೆ ಅವರದ್ದೇ ವ್ಯಾಗನ್ ಮುಳುಗಿಸಲು ಹೇಳಿ.

ಇಟ್ಟಿಗೆ ಪುಡಿ ಅಥವಾ ಕುಂಕುಮ ಬಳಸಬಹುದಾ? (ಗದಗ)

ಬೇಡ. ಇಟ್ಟಿಗೆ ಪುಡಿಯ 0.2 ಮಿಲಿಮೀಟರ್ ಕಣ ಎಚ್‌ಒದಲ್ಲಿ 17 ಮಿಲಿಮೀಟರ್ ಜಲ್ಲಿಯಾಗಿ ಕಾಣುತ್ತದೆ. ಅರಿಸಿನದಿಂದ ಮಾಡಿದ ಕುಂಕುಮ ಬಿಸಿಲಿಗೆ ಬಣ್ಣ ಬಿಡುತ್ತದೆ. ಅದು ದೇವರ ಮನೆಯಲ್ಲೇ ಇರಲಿ.

ಹಳೆ ಗೇಟಿನ ತುಕ್ಕು ಕೆರೆದು ಹಾಕಿದರೆ? (ಗದಗ)

ಅದರಲ್ಲಿ ಕಬ್ಬಿಣದ ಚೂರು ಉಳಿದಿರುತ್ತದೆ, ಎಂಜಿನ್ ಮೋಟಾರಿನ ಅಯಸ್ಕಾಂತ ಎಳೆದುಕೊಳ್ಳುತ್ತದೆ. ಮೋಟಾರು ಕೆಟ್ಟ ಮೇಲೆ "ತುಕ್ಕು ಅಸಲಿ" ಅಂತ ಸಮಾಧಾನ ಮಾಡಿಕೊಳ್ಳಬಹುದು.

ಎಲ್‌ಎಚ್‌ಬಿ ಕೋಚಿಗೆ (ಹೊಸ ಮಾದರಿಯ ಪ್ರಯಾಣಿಕರ ಡಬ್ಬಿ) ಎಷ್ಟು ತುಕ್ಕು ಹಾಕಬೇಕು? (ಧಾರವಾಡ)

ಹೊರಮೈಗೆ ಸೊನ್ನೆ. ಅದು ಸ್ಟೇನ್‌ಲೆಸ್ ಸ್ಟೀಲು. ಹಳೆಯ ಮಾದರಿಯ ಐಸಿಎಫ್ ಕೋಚಾದರೆ ಬಾಗಿಲು ಮತ್ತು ಶೌಚಾಲಯದ ಕೆಳಗೆ ಸ್ವಲ್ಪ.

ಗಾಲಿಗೂ ತುಕ್ಕು ಬಣ್ಣ ಹಚ್ಚಬೇಕಾ? (ರಾಣೆಬೆನ್ನೂರು)

ಗಾಲಿಯ ಮುಖಕ್ಕೆ ಕಂದು ಹಚ್ಚಿ. ಹಳಿ ತಾಗುವ ಭಾಗ ಹೊಳೆಯಬೇಕು, ಅಲ್ಲಿ ಬಣ್ಣ ತಾಗಿದರೆ ತಕ್ಷಣ ಒರೆಸಿ. ಕಪ್ಲರ್‌ಗೆ (ಎರಡು ವ್ಯಾಗನ್ ಜೋಡಿಸುವ ಕೊಂಡಿ) ಗಾಢ ಕಂದು, ಎರಡು ಕಪ್ಲರ್ ಉಜ್ಜುವ ಜಾಗಕ್ಕೆ ಪೆನ್ಸಿಲ್ ಸೀಸ ತಿಕ್ಕಿ. ಇದನ್ನು ಯಾರೂ ಕೇಳುವುದಿಲ್ಲ, ಆದರೆ ಹತ್ತಿರದಿಂದ ನೋಡಿದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಏರ್‌ಬ್ರಷ್ ಇಲ್ಲದೆ ಆಗುತ್ತದಾ? (ಹುಬ್ಬಳ್ಳಿ)

ಮೇಲಿನದರಲ್ಲಿ ಎಲ್ಲಾದರೂ ಏರ್‌ಬ್ರಷ್ ಅಂದೆನಾ?

ಫೋಟೊ ತೆಗೆಯಲು ಹುಬ್ಬಳ್ಳಿ ಯಾರ್ಡ್ ಒಳಗೆ ಹೋಗಬಹುದಾ? ಇಲ್ಲದಿದ್ದರೆ ರೈಲ್ವೆ ಮ್ಯೂಸಿಯಂ ಸಾಕಾ? (ಹುಬ್ಬಳ್ಳಿ)

ಯಾರ್ಡ್ ಒಳಗೆ ಕಾಲಿಡಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಿಂತ ರೇಕ್ ಯಾವಾಗ ಚಲಿಸುತ್ತದೆ ಅಂತ ನಿಮಗೆ ಗೊತ್ತಾಗುವುದಿಲ್ಲ. ಮ್ಯೂಸಿಯಂ ಚೆನ್ನಾಗಿದೆ, ಮನೆಯವರನ್ನೂ ಕರೆದುಕೊಂಡು ಹೋಗಿ. ಆದರೆ ಅಲ್ಲಿರುವುದಕ್ಕೆಲ್ಲ ಹೊಸ ಪೇಂಟ್ ಹೊಡೆದಿದ್ದಾರೆ, ತುಕ್ಕು ಕಲಿಯಲು ಉಪಯೋಗವಿಲ್ಲ. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಳ್ಳಿ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಊರಲ್ಲಿ ನಿಂತು ನೋಡಲು ಜಾಗಕ್ಕೇನು ಕಮ್ಮಿ? ಗೂಡ್ಸ್ ನಿಧಾನವಾಗಿ ಹೋಗುವಾಗ ಒಂದೇ ವ್ಯಾಗನ್ನಿನ ಒಂದೇ ಮೂಲೆ ನೋಡಿ, ನೀರು ಎಲ್ಲಿಂದ ಇಳಿದಿದೆ ಅಂತ. ಫೋಟೊ ಆಮೇಲೆ.

ವ್ಯಾಗನ್ ಕೊರಿಯರ್ ಮಾಡುತ್ತೇನೆ, ನೀವೇ ತುಕ್ಕು ಹಾಕಿ ಕೊಡುತ್ತೀರಾ? (ಬ್ಯಾಡಗಿ)

ಇಲ್ಲ. ವಾಪಸ್ ಬರುವಾಗ ಪುಡಿ ಉದುರುತ್ತದೆ, ಆಮೇಲೆ ಜಗಳ.