ಕೈಫಿಯತ್ತಿನ ಕಥೆಯನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮ ಊರಿನ ಚರಿತ್ರೆಯನ್ನು ಬರೆಯಲು ಹೊರಟಿದ್ದೇನೆ. ಮೆಕೆಂಜಿ ಸಂಗ್ರಹದ ಕೈಫಿಯತ್ತಿನಲ್ಲಿ, ಅಂದರೆ ಊರಿನವರಿಂದ ಕೇಳಿ ಬರೆದಿಟ್ಟ ಸ್ಥಳವೃತ್ತಾಂತದಲ್ಲಿ, ಬೇಟೆಗೆ ಬಂದ ಪಾಳೆಯಗಾರನ ನಾಯಿಗಳನ್ನು ಮೊಲವೊಂದು ತಿರುಗಿಬಿದ್ದು ಅಟ್ಟಿತೆಂದೂ ಆ ಜಾಗದಲ್ಲಿಯೇ ಅವನು ಕೋಟೆ ಕಟ್ಟಿಸಿದನೆಂದೂ ಇದೆ. ಇದನ್ನು ಚರಿತ್ರೆಯೆಂದು ಬರೆಯಬಹುದೆ, ಅಥವಾ ಕಟ್ಟುಕಥೆಯೆಂದು ಕೈಬಿಡಬೇಕೆ?

ಉತ್ತರ: ಎರಡೂ ಬೇಡ. ಮೊಲ ನಾಯಿಯನ್ನು ಅಟ್ಟಿದ ಕಥೆ ವಿಜಯನಗರದ ಸ್ಥಾಪನೆಗೂ ಅಂಟಿಕೊಂಡಿದೆ, ಬೇರೆ ಹಲವು ಕೋಟೆಗಳಿಗೂ ಇದೆ. ಆದ್ದರಿಂದ ಅದು ನಿಮ್ಮ ಊರಿನಲ್ಲಿ ನಡೆದ ಘಟನೆಯೆಂದು ಬರೆಯಲು ಬರುವುದಿಲ್ಲ. ಆದರೆ ಆ ಕಥೆಯನ್ನು ಯಾರು, ಯಾವಾಗ, ಯಾರ ಮುಂದೆ ಹೇಳಿದರು ಎಂಬುದು ಚರಿತ್ರೆಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆಗೆ ನೇಮಕಗೊಂಡರು. ಅವರ ಪರವಾಗಿ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಸಹೋದರರೂ ಇತರ ಸಹಾಯಕರೂ ಊರೂರಿನ ಶಾನುಭೋಗರು, ಗೌಡರು, ಅರ್ಚಕರಿಂದ ಮಾಹಿತಿ ಕಲೆಹಾಕಿದರು. ಅಳತೆಯ ಸರಪಳಿ ಹಿಡಿದು ಬಂದ ಹೊಸ ಸರ್ಕಾರದ ಜನ ಊರಿನ ಪೂರ್ವೋತ್ತರ ಕೇಳಿದಾಗ, ತನ್ನ ಉಂಬಳಿ (ಕಂದಾಯವಿಲ್ಲದೆ ಬಿಟ್ಟುಕೊಟ್ಟ ಭೂಮಿ) ಉಳಿಯುವುದೋ ಹೋಗುವುದೋ ಎಂಬ ಚಿಂತೆಯಿಲ್ಲದೆ ಉತ್ತರಿಸಿದವರು ಕಡಿಮೆಯೆಂದೇ ನನ್ನ ಅಂದಾಜು. ಆದ್ದರಿಂದ ಕಥೆಯ ತುದಿಯನ್ನು ಗಮನವಿಟ್ಟು ಓದಿರಿ: ಕೋಟೆ ಕಟ್ಟಿದ ಪಾಳೆಯಗಾರನು ಇಂಥವರಿಗೆ ಇಷ್ಟು ಗದ್ದೆಯನ್ನು ಮಾನ್ಯವಾಗಿ ಬಿಟ್ಟನೆಂಬ ಮಾತು ಅಲ್ಲಿ ಇದ್ದರೆ, ಮೊಲ ಓಡಿಬಂದದ್ದು ಆ ಗದ್ದೆಗೆ ಸಾಕ್ಷಿ ನುಡಿಯಲಿಕ್ಕೂ ಇರಬಹುದು.

ಕೈಫಿಯತ್ತಿನಲ್ಲಿ ಕೆರೆ, ಗುಡಿ, ಸಂತೆ, ಮಾನ್ಯಗಳ ಪಟ್ಟಿಯಿದ್ದರೆ ಅದು ಮೊಲಕ್ಕಿಂತ ಹೆಚ್ಚು ಬೆಲೆಬಾಳುತ್ತದೆ. ಜಾತ್ರೆಯ ಸ್ಮರಣ ಸಂಚಿಕೆಗಳಲ್ಲಿ ಮಾತ್ರ ಮೊಲ ಅಚ್ಚಾಗುತ್ತದೆ, ಪಟ್ಟಿ ಬಿಟ್ಟುಹೋಗುತ್ತದೆ. ತೇದಿಗಳನ್ನೂ ಒರೆಗೆ ಹಚ್ಚಬೇಕು. ಬರಿಯ ಸಂವತ್ಸರದ ಹೆಸರು ಸಾಲದು, ಏಕೆಂದರೆ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ: ಪ್ರಭವ ಎಂದರೆ 1747 ಆಗಬಹುದು, 1807 ಕೂಡ ಆಗಬಹುದು. ಜೊತೆಗೆ ಶಕವರ್ಷವಿದ್ದರೆ ಅದಕ್ಕೆ 78 ಕೂಡಿಸಿ ನೋಡಿರಿ. ಶಕ 1669 ಪ್ರಭವಕ್ಕೆ ಸರಿಯಾಗಿ ಕೂಡುತ್ತದೆ. ಎರಡೂ ಕೂಡದಿದ್ದರೆ ನೆನಪಿನಿಂದ ಹೇಳಿದ್ದೋ ನಕಲು ಮಾಡುವಾಗ ತಪ್ಪಿದ್ದೋ ಆಗಿರಬಹುದು. ಆಗ ಆ ವರ್ಷದ ಮೇಲೆ ಏನನ್ನೂ ಕಟ್ಟಬೇಡಿರಿ.

ಇಷ್ಟಾದ ಮೇಲೆ ಶಾಸನಗಳನ್ನು ನೋಡಿರಿ. ಬಿ. ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಸಂಪುಟದಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಜೋಡಣೆಯಾಗಿವೆ. ಆದರೆ ಅವು ಆ ಕಾಲದ ತಾಲ್ಲೂಕುಗಳು. ನಿಮ್ಮ ಊರು ಆಗ ನೆರೆಯ ತಾಲ್ಲೂಕಿಗೆ ಸೇರಿದ್ದಿರಬಹುದು. ಮೊದಲು ಅದನ್ನು ಗೊತ್ತುಮಾಡಿಕೊಳ್ಳದೆ ‘ನಮ್ಮ ಊರಿನಲ್ಲಿ ಶಾಸನವೇ ಇಲ್ಲ’ ಎಂದು ಬರೆಯುವುದು ಸಲ್ಲದು.

ಪ್ರಶ್ನೆ: ಶಾಸನವೂ ಐತಿಹ್ಯವೂ ಒಂದಕ್ಕೊಂದು ವಿರುದ್ಧವಾಗಿದ್ದರೆ?

ಉತ್ತರ: ಕಾಲದ ವಿಷಯದಲ್ಲಿ ಶಾಸನದ ಮಾತೇ ಮೇಲು. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂಗಳೂರಿಗೆ ಆ ಹೆಸರು ಬಂತೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ಬೇಗೂರಿನ ವೀರಗಲ್ಲು ‘ಬೆಂಗಳೂರ ಕಾಳೆಗ’ವನ್ನು ಹೆಸರಿಸುತ್ತದೆ, ಆ ಕಲ್ಲು ಸುಮಾರು ಕ್ರಿ. ಶ. 890ರದು, ಬಲ್ಲಾಳನಿಗಿಂತ ಹೆಚ್ಚುಕಡಿಮೆ ಮುನ್ನೂರು ವರ್ಷ ಹಿಂದಿನದು. ಹಾಗೆಂದು ಮುದುಕಿಯ ಕಥೆಯನ್ನು ಅಳಿಸಬೇಕಾಗಿಲ್ಲ; ಅದು ಮೊದಲು ಎಲ್ಲಿ ದಾಖಲಾಯಿತೆಂದು ಹುಡುಕಿ, ಆ ಕಾಲದ ಜನ ತಮ್ಮ ಊರನ್ನು ಹೇಗೆ ಕಂಡರೆಂದು ಹೇಳುವಾಗ ಬಳಸಬಹುದು. ಮೊದಲ ಪ್ರಶ್ನೆ ಕೇಳಿದವರಿಗೂ ಇದೇ ಸಲಹೆ: ಮೊಲದ ಕಥೆಯನ್ನು ಪುಸ್ತಕದ ಮೊದಲ ಅಧ್ಯಾಯದಲ್ಲಿ ಇಡಬೇಡಿರಿ, 1800ರ ಆಸುಪಾಸಿನ ಅಧ್ಯಾಯದಲ್ಲಿ, ಉಂಬಳಿಗಳ ವಿವರದ ಪಕ್ಕದಲ್ಲಿ ಇಡಿರಿ.