ಕರು ಸತ್ತ ಎಮ್ಮೆಗೆ ಹಾಲಿಳಿಸುವ ಸೂಜಿ

ಪ್ರಶ್ನೆ: ನಮ್ಮ ಎಮ್ಮೆ ಈದ 20 ದಿನಕ್ಕೆ ಕರು ಸತ್ತಿತು. ಆಮೇಲೆ ಅದು ಹಾಲು ಇಳಿಸಲಿಲ್ಲ. ನೆರೆಯವರು ಕೊಟ್ಟ, ಹೆಸರಿನ ಚೀಟಿಯೇ ಅಂಟಿಸಿಲ್ಲದ ಬಾಟಲಿಯ ಔಷಧಿಯನ್ನು 2 ತಿಂಗಳಿಂದ ಎರಡೂ ಹೊತ್ತು ಸೂಜಿ ಮಾಡುತ್ತಿದ್ದೇವೆ. ಈ ಹಾಲು ಕುಡಿದ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರೆಂದು ಓಣಿಯಲ್ಲಿ ಹೇಳುತ್ತಾರೆ. ನಿಜವೇ? ಇದು ಅಪರಾಧವೇ?
– ಓದುಗರೊಬ್ಬರು, ಭಾಲ್ಕಿ ತಾಲ್ಲೂಕು

ಉತ್ತರ: ಹೀಗೆ ಕೈಯಿಂದ ಕೈಗೆ ದಾಟುವ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಆಕ್ಸಿಟೋಸಿನ್. ಕರು ಮೊಲೆಗೆ ಬಾಯಿ ಹಾಕಿದಾಗ ಎಮ್ಮೆಯ ಮಿದುಳಿನಿಂದ ರಕ್ತಕ್ಕೆ ಇಳಿಯುವ ಹಾರ್ಮೋನು ಇದೇ. ಇದು ಹೊಸದಾಗಿ ಹಾಲು ಹುಟ್ಟಿಸುವುದಿಲ್ಲ, ಕೆಚ್ಚಲಿನ ಒಳಚೀಲಗಳಲ್ಲಿ ನಿಂತ ಹಾಲನ್ನು ಹೊರದೂಡುತ್ತದೆ. ಎಮ್ಮೆಯ ಹಾಲೆಲ್ಲ ಬಹುಮಟ್ಟಿಗೆ ಆ ಒಳಚೀಲಗಳಲ್ಲೇ ಇರುವುದರಿಂದ, ತೊರೆ ಬಿಡದಿದ್ದರೆ (ಎಂದರೆ ಹಾಲು ಇಳಿಸದಿದ್ದರೆ) ಹಸುವಿನಷ್ಟೂ ಹಾಲು ಕೈಗೆ ಸಿಗುವುದಿಲ್ಲ.

ಮೈನೆರೆಯುವ ಮಾತಿಗೆ ಆಧಾರವಿಲ್ಲ. ಆಕ್ಸಿಟೋಸಿನ್ ಲೈಂಗಿಕ ಹಾರ್ಮೋನಲ್ಲ. 9 ಅಮೈನೋ ಆಮ್ಲಗಳ ಈ ಪುಟ್ಟ ಸರಪಳಿ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಹಾಲಿನ ಜೊತೆ ಹೊಟ್ಟೆಗೆ ಹೋದರೂ ಅಲ್ಲಿ ಜೀರ್ಣವಾಗುತ್ತದೆ. ನನಗೆ ಹೆಚ್ಚು ಭಯವಿರುವುದು ಆ ಬಾಟಲಿಯ ಬಗ್ಗೆ: ಯಾರು ತಯಾರಿಸಿದರು, ಎಷ್ಟು ಪ್ರಮಾಣ, ಜೊತೆಗೆ ಏನು ಬೆರೆತಿದೆ ಎಂಬುದು ಯಾರಿಗೂ ತಿಳಿಯದ ದ್ರವ ದಿನಕ್ಕೆರಡು ಬಾರಿ ಎಮ್ಮೆಯ ಮೈ ಸೇರುತ್ತಿದೆ. ಸೂಜಿಗೆ ಒಗ್ಗಿದ ಎಮ್ಮೆ ಕ್ರಮೇಣ ತಾನಾಗಿ ತೊರೆ ಬಿಡುವುದನ್ನೇ ಮರೆಯುತ್ತದೆ, ಒಂದೇ ಸೂಜಿ ಮತ್ತೆ ಮತ್ತೆ ಚುಚ್ಚಿದ ಜಾಗ ಬಾತು ಕೀವು ಕಟ್ಟುವುದೂ ಉಂಟು.

ಇದು ಅಪರಾಧ ಹೌದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಂತೆ, ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯಕ್ಕೆ ಕೆಡುಕಾಗುವ ವಸ್ತುವನ್ನು ಚುಚ್ಚಿದವರಿಗೆ 1000 ರೂಪಾಯಿವರೆಗೆ ದಂಡ, 2 ವರ್ಷದವರೆಗೆ ಸೆರೆ ಅಥವಾ ಎರಡೂ ವಿಧಿಸಬಹುದು, ಎಮ್ಮೆಯನ್ನೂ ಸರ್ಕಾರ ವಶಪಡಿಸಿಕೊಳ್ಳುತ್ತದೆ. ಈ ದುರ್ಬಳಕೆ ತಡೆಯಲು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ತಯಾರಿಕೆಯನ್ನೇ ನಿಲ್ಲಿಸಲು ಹೊರಟಿತ್ತು. ಆದರೆ ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಿಸಲು ತಾಯಂದಿರಿಗೆ ಇದೇ ಔಷಧಿ ಬೇಕಾಗುವುದರಿಂದ, ಅದೇ ವರ್ಷ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿತು. ಪಶುವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ ಎಂಬ ನಿಯಮ ಮಾತ್ರ ಹಾಗೆಯೇ ಇದೆ.

ಆದರೂ ಇಂದೇ ಒಮ್ಮೆಲೇ ನಿಲ್ಲಿಸಬೇಡಿ. ಹಾಲು ಉಳಿದರೆ ಕೆಚ್ಚಲು ಬಾವು ಬರಬಹುದು. ಬಾಟಲಿಯನ್ನು ಹತ್ತಿರದ ಪಶು ಆಸ್ಪತ್ರೆಗೆ ಒಯ್ದು ತೋರಿಸಿ, ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಪ್ರಮಾಣವನ್ನು ಹಂತಹಂತವಾಗಿ ಇಳಿಸುವುದು ಹೇಗೆಂದು ವೈದ್ಯರೇ ಹೇಳಲಿ. ಅಲ್ಲಿಯವರೆಗೆ ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಒಬ್ಬರೇ ಹಿಂಡಿರಿ (ಕೈ ಬದಲಾದರೂ ಮುನಿಯುವ ಪ್ರಾಣಿ ಅದು). ಮುಂದೆ ಹತ್ತಿಕಾಳಿನ ಹಿಂಡಿಯೋ ತೊಗರಿ ಹೊಟ್ಟೋ ಇಟ್ಟು, ಬೆಚ್ಚಗಿನ ನೀರಿನಲ್ಲಿ ಕೆಚ್ಚಲು ತೊಳೆದು, ಎರಡು ಮೂರು ನಿಮಿಷ ಅವಸರವಿಲ್ಲದೆ ನೀವಿರಿ. ಬೈಗುಳ, ನಾಯಿಯ ಗದ್ದಲ ಹತ್ತಿರ ಬರಬಾರದು, ಏಕೆಂದರೆ ಬೆದರಿದ ಎಮ್ಮೆ ಸೂಜಿಯಿಲ್ಲದೆ ತೊರೆ ಬಿಡುವುದಿಲ್ಲ. ಕೆಲವು ದಿನ ಹಾಲು ಕಡಿಮೆಯಾಗುವುದು ಖಚಿತ. ಡೈರಿಗೆ ಹಾಕುವ ಲೆಕ್ಕದಲ್ಲಿ ಆ ನಷ್ಟವನ್ನು ಈಗಲೇ ಬಿಟ್ಟುಕೊಳ್ಳಿ.